ಹಂಚು ತಗುಲಿದ ಕೈ

ಶಹಾಪುರದ ನಮ್ಮ ಮನೆಯಲ್ಲಿ ಮಗ್ಗಕ್ಕೆ ಇದ್ದಷ್ಟು ಜಾಗ ಮನುಷ್ಯರಿಗೆ ಇರಲಿಲ್ಲ. ಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದೇ ಅದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತಿರುತ್ತಿದ್ದ. ಬಂದವರು ಗೋಡೆಗೆ ಬೆನ್ನು ಉಜ್ಜಿಕೊಂಡು ಒಳಗೆ ಹೋಗಬೇಕು. ನಡುವೆ ಒಂದು ಕತ್ತಲ ಕೋಣೆ, ಅಲ್ಲಿ ನೂಲಿನ ಗಂಟುಗಳು, ಹಾಸಿಗೆಯ ಸುರುಳಿ, ಅವ್ವ ತವರಿನಿಂದ ತಂದ ಹಸಿರು ಟ್ರಂಕು. ಅದರ ಹಿಂದೆ ಅಡುಗೆಮನೆ. ಹಿತ್ತಲ ಬಾಗಿಲಿನಿಂದ ಬೆಳಕು ಬೀಳುತ್ತಿದ್ದದ್ದು ಅಲ್ಲಿಗೆ ಮಾತ್ರ, ಹಾಗಾಗಿ ಆ ಮನೆಯಲ್ಲಿ ನನಗೆ ನೆನಪಿರುವ ಒಳ್ಳೆಯದೆಲ್ಲ ಅಲ್ಲೇ ನಡೆದದ್ದು. ಆಯಿ, ಅಂದರೆ ಅಪ್ಪನ ತಾಯಿ, ಅಲ್ಲಿಯೇ ಇರುತ್ತಿದ್ದಳು. ಒಂದು ಕಡೆ ಅವಳ ಒಲೆ, ಇನ್ನೊಂದು ಕಡೆ ರಾಟಿ. ಅಡುಗೆ ಮುಗಿದರೆ ರಾಟಿಯ ಮುಂದೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ನಾನು ಸಾಲೆಯಿಂದ ಬಂದವಳೇ ಅವಳ ಮಗ್ಗುಲಲ್ಲಿ ಕೂತು ಖಾಲಿ ಕಂಡಿಕೆ ಕೈಗೆ ಕೊಡುತ್ತಿದ್ದೆ.

ನಮ್ಮ ಮನೆಯ ಜಗಳಗಳಿಗೂ ಮಗ್ಗದ್ದೇ ತಾಳ. ಅವ್ವ ನಡುಕೋಣೆಯ ಹೊಸ್ತಿಲಲ್ಲಿ ನಿಂತು ಮಾತು ಶುರು ಮಾಡಿದರೆ ಅಪ್ಪ ಉತ್ತರ ಕೊಡುತ್ತಿರಲಿಲ್ಲ, ಮಗ್ಗವನ್ನು ಜೋರಾಗಿ ಬಡಿಯುತ್ತಿದ್ದ. ಅವ್ವ ದನಿ ಏರಿಸಿದರೆ ಇವನು ಇನ್ನೂ ಜೋರು. ಓಣಿಯ ಜನ ಅಪ್ಪನನ್ನು ಭಾರಿ ದುಡಿಯುವ ಮನುಷ್ಯ ಎಂದು ಹೊಗಳುತ್ತಿದ್ದರು. ದುಡಿಮೆಯಂತೆ, ಮಣ್ಣು! ಹೆಂಡತಿಯ ಮಾತು ಕಿವಿಗೆ ಬೀಳಬಾರದೆಂದು ಬಡಿಯುತ್ತಿದ್ದ. ಅವ್ವನ ಮಾತಾದರೂ ಏನು? ಒಂದೇ. ಎರಡು ಓಣಿ ಆಚೆ ಅಪ್ಪನಿಗೆ ಇನ್ನೊಂದು ಮನೆ ಇತ್ತು, ಆ ಮನೆಯಲ್ಲಿ ಒಬ್ಬಳು ಹೆಂಗಸು ಇದ್ದಳು. ಇದು ಊರಿಗೆಲ್ಲ ಗೊತ್ತಿತ್ತು. ಆಯಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಮಗನ ತಾಟಿಗೆ ರೊಟ್ಟಿ ಹಾಕುವುದನ್ನು ನಿಲ್ಲಿಸಲಿಲ್ಲ. ಆಯಿಯ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಳುತ್ತೇನೆ, ಬೇರೆ ಯಾವುದನ್ನೂ ಅಲ್ಲ.

ಆಯಿ ಮುಂಜಾನೆ ಜಳಕ ಮಾಡಿ, ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಕೂತು, ಕೊರಳಲ್ಲಿದ್ದ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಅದು ಮುಗಿಯದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ನನ್ನ ಕೊರಳಲ್ಲೂ ಸಣ್ಣದೊಂದು ಲಿಂಗ ಇತ್ತು. ನಾನೂ ಅವಳ ಎದುರು ಕೂತು ಅಂಗೈ ಚಾಚುತ್ತಿದ್ದೆ, ಕೈ ಅಲುಗಿದರೆ ಅವಳು ತನ್ನ ಬಲಗೈಯನ್ನು ಕೆಳಗೆ ಆನಿಸುತ್ತಿದ್ದಳು. ನಮ್ಮ ಮನೆಯಲ್ಲಿ ಏನು ಬೇಕಾದರೂ ಬೈಯಬಹುದಿತ್ತು, ಅವ್ವ ಬೈಯದ ಬೈಗುಳವೇ ಉಳಿದಿರಲಿಲ್ಲ. ಆದರೆ ಲಿಂಗದ ಆಣೆ ಮಾತ್ರ ಯಾರೂ ಮಾಡುವಂತಿರಲಿಲ್ಲ. ಒಮ್ಮೆ ಬಾಜು ಮನೆಯವರು ತಮ್ಮ ರೇಷ್ಮೆ ನೂಲು ನಮ್ಮಲ್ಲಿ ಸೇರಿಕೊಂಡಿದೆ ಎಂದು ಜಗಳ ತೆಗೆದರು. ಲಿಂಗ ಮುಟ್ಟಿ ಇಲ್ಲ ಅನ್ನು, ಬಿಡುತ್ತೇವೆ ಎಂದರು. ನೂಲು ನಮ್ಮಲ್ಲಿ ಇರಲಿಲ್ಲ, ಆಯಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಮುಟ್ಟಲಿಲ್ಲ. ನಮ್ಮದೇ ನೂಲಿನ ಒಂದು ಲಡಿ ತೆಗೆದು ಅವರ ಕೈಗಿಟ್ಟು ಕಳಿಸಿದಳು. ನಾನು ಯಾಕೆ ಎಂದು ಕೇಳಿದೆ.

“ಖರೇ ಮಾತಿಗೆ ಆಣಿ ಬೇಕಾಗೂದಿಲ್ಲ. ಸುಳ್ಳ ಮಾತಿಗೆ ಆಣಿ ಮಾಡಿದ್ರ ಅದು ತೊಳದ್ರೂ ಹೋಗೂದಿಲ್ಲವ್ವಾ.”

ಈಗ ಕೈಯ ಕಲೆಯ ಸಂಗತಿ. ನನಗೆ ಎಂಟು ವರ್ಷ. ಆಯಿ ರೊಟ್ಟಿ ಬಡಿಯುವಾಗ ಕೊನೆಯ ಮುದ್ದೆ ಹಿಟ್ಟು ನನ್ನದು. ಅದರಲ್ಲಿ ನಾನು ನನ್ನ ಅಂಗೈಯಷ್ಟು ರೊಟ್ಟಿ ಬಡಿದು ಹಂಚಿಗೆ ಹಾಕುತ್ತಿದ್ದೆ, ಆಯಿ ಅದನ್ನು ಉಬ್ಬಿಸಿ ಬೆಣ್ಣೆ ಸವರಿ ಕೊಡುತ್ತಿದ್ದಳು. ಒಂದು ದಿನ ನಾನೇ ತಿರುವಿಹಾಕುತ್ತೇನೆಂದು ಹಟ ಮಾಡಿ ಮುಂದೆ ಬಾಗಿದೆ, ಎಡ ಮುಂಗೈ ಹಂಚಿನ ಅಂಚಿಗೆ ತಗುಲಿತು. ಎರಡು ಬೆರಳು ಉದ್ದ ಸುಟ್ಟಿತು. ನಾನು ಅತ್ತದ್ದಕ್ಕಿಂತ ಆಯಿ ಅತ್ತದ್ದು ಹೆಚ್ಚು. ಎದುರು ಮನೆಯ ಗೌರಕ್ಕ ತನ್ನ ಹಿತ್ತಲಿನಿಂದ ಲೋಳೆಸರ ತಂದು ಹಚ್ಚಿದಳು. ಆ ದಿನ ಆಯಿ ಉಣ್ಣಲಿಲ್ಲ, ಕೂಸಿನ ಕೈ ಒಲೆಯ ಹತ್ತಿರ ಬಿಟ್ಟವಳು ನಾನೇ ಎಂದು ತನ್ನನ್ನೇ ಶಪಿಸಿಕೊಂಡಳು. ಕಲೆ ಹಾಗೇ ಉಳಿಯಿತು, ಈಗ ಬರೆಯುತ್ತಿರುವಾಗಲೂ ಕಾಣುತ್ತಿದೆ.

ಅಷ್ಟರಲ್ಲಿ ಅವ್ವ ಮನೆ ಬಿಟ್ಟು ಒಂದು ವರ್ಷವಾಗಿತ್ತು. ಒಂದು ದಿನ ಮಗ್ಗದ ಸದ್ದು ಮೀರಿ ಕೂಗಿ ಕೂಗಿ ಸೋತು, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಪಾರಿಶ್ವಾಡದ ತವರಿಗೆ ಹೋದಳು. ವಾರದಲ್ಲಿ ಗಂಡ ಕರೆಯಲು ಬರುತ್ತಾನೆ ಎಂಬ ಲೆಕ್ಕ ಅವಳದು. ಅದಕ್ಕೇ ನನ್ನನ್ನು ಬಿಟ್ಟು ಹೋದಳು, ಟ್ರಂಕನ್ನೂ ಬಿಟ್ಟು ಹೋದಳು. ಅಪ್ಪ ಹೋಗಲಿಲ್ಲ. ತಿಂಗಳುಗಳಾದ ಮೇಲೆ ಎರಡೂ ಕಡೆಯ ಹಿರಿಯರು ಮಠದಲ್ಲಿ ಕೂತು ಸೋಡಚೀಟಿ ಬರೆದರು, ಅಂದರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಿಟ್ಟ ಕಾಗದ. ಅದರಲ್ಲಿ ತಾಮ್ರದ ಹಂಡೆಯ ಹೆಸರಿತ್ತು, ಟ್ರಂಕಿನ ಹೆಸರಿತ್ತು. ನನ್ನ ಹೆಸರು ಬರೆಯುವುದು ಅಷ್ಟು ದೊಡ್ಡ ಮನುಷ್ಯರಿಗೆ ಯಾರಿಗೂ ಹೊಳೆಯಲಿಲ್ಲ. ಟ್ರಂಕು ಮರುದಿನವೇ ಎತ್ತಿನ ಗಾಡಿ ಹತ್ತಿತು, ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅವ್ವನ ಅಣ್ಣ, ನನ್ನ ಮಾಮಾ, ಅವಳನ್ನು ಖಾನಾಪುರದ ವಸಂತರಾವ್ ವಕೀಲರ ಹತ್ತಿರ ಕರೆದುಕೊಂಡು ಹೋದದ್ದು ಆಮೇಲೆ. ಅವರ ಮನೆಮಾತು ಮರಾಠಿ, ನಮ್ಮವರ ಜೊತೆ ಕನ್ನಡ. ಪೇಟೆಯ ರಸ್ತೆಯಲ್ಲೇ ಮನೆ, ಹೊರಗಿನ ಕೋಣೆಯೇ ಆಫೀಸು. ನಾನು ಅವರನ್ನು ಕೆಟ್ಟವರು ಎನ್ನಲಾರೆ. ಎನ್ನುವ ಹಾಗಿದ್ದರೆ ನನ್ನ ಬದುಕು ಎಷ್ಟೋ ಹಗುರವಾಗುತ್ತಿತ್ತು. ಗಂಡ ಬಿಟ್ಟವಳು ಎಂದು ಊರೆಲ್ಲ ಅವ್ವನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದ ಕಾಲದಲ್ಲಿ ಅವಳಿಗೆ “ಕುಂದರ್ರಿ ತಾಯಿ” ಎಂದು ಕುರ್ಚಿ ತೋರಿಸಿದವರು ಅವರೊಬ್ಬರೇ. ಸೋಡಚೀಟಿಯಿಂದ ಕೂಸು ಸಿಗುವುದಿಲ್ಲ, ಕೋರ್ಟಿಗೆ ಎರಡು ಅರ್ಜಿ ಹಾಕಬೇಕು, ಒಂದು ಬಿಡುಗಡೆಗೆ, ಒಂದು ಮಗಳಿಗೆ ಎಂದು ಬಿಡಿಸಿ ಹೇಳಿದರು. ಅಳದೆ ಉತ್ತರ ಹೇಳುವುದನ್ನು ಅವಳಿಗೆ ಕಲಿಸಿದರು. ಪಾರಿಶ್ವಾಡದ ಸಾಲೆಯ ಮಾಸ್ತರರಿಂದ ನನಗೆ ಅಲ್ಲಿ ಜಾಗ ಇದೆ ಎಂದು ಕಾಗದ ಬರೆಸಿದರು. ಕೋರ್ಟಿನಲ್ಲಿ ಕೇಳಿ, ಬೇಸಿಗೆ ಸೂಟಿಯಲ್ಲಿ ನಾನು ಒಂದು ತಿಂಗಳು ಅವ್ವನ ಹತ್ತಿರ ಇರುವ ಹುಕುಂ ತಂದುಕೊಟ್ಟರು. ಎರಡು ವರ್ಷದ ಮೇಲೆ ನಾನು ಅವ್ವನ ಮಗ್ಗುಲಲ್ಲಿ ಮಲಗಿದ್ದು ಅವರ ದೆಸೆಯಿಂದ.

ಆ ಸೂಟಿಯಲ್ಲೇ ಒಂದು ಸಂತೆಯ ದಿನ ಮಾಮಾ, ಅವ್ವ ನನ್ನನ್ನು ಅವರ ಮನೆಗೆ ಕರೆದೊಯ್ದರು. ವಕೀಲರ ಹೆಂಡತಿ ಅವಲಕ್ಕಿ ಕೊಟ್ಟರು. ನಾನು ತಿನ್ನುತ್ತ ಕೂತಿದ್ದೆ, ವಕೀಲರು ಮಾಮಾನಿಗೆ ಹೇಳುತ್ತಿದ್ದದ್ದು ಪೂರ್ತಿ ಕೇಳಿಸಿತು.

“ಬಿಡುಗಡೆ ಸಿಗತದ. ಅವಂಗ ಎರಡನೇ ಮನಿ ಐತಿ ಅಂತ ಶಹಾಪುರಕ್ಕೆಲ್ಲಾ ಗೊತ್ತದ. ಕೂಸಿನ ಮಾತು ಅಷ್ಟ ಹಗೂರ ಇಲ್ಲ. ಕೂಸನ್ನ ನೋಡ್ಕೊಳ್ಳಾಕ ಮುದುಕಿ ಇದ್ದಾಳ, ಚಲೋ ನೋಡ್ಕೊಂಡಾಳ ಅಂತ ಜಡ್ಜ ಸಾಹೇಬ್ರು ಕೇಳಿದ್ರ ಮುಗೀತು. ನಿಮ್ಮ ಕೇಸಿಗೆ ಅಡ್ಡ ಇರೂದು ಗಂಡ ಅಲ್ಲ, ಆ ಮುದುಕಿ.”

“ಮುದುಕಿ ಮ್ಯಾಲ ಹೇಳಾಕ ಏನೂ ಇಲ್ಲಲ್ರೀ ವಕೀಲ್ರ” ಅಂದ ಮಾಮಾ. ಅವನ ದನಿಯಲ್ಲಿ ಬೇಸರವಿತ್ತು, ಆಯಿ ಒಳ್ಳೆಯವಳು ಎಂಬುದೇ ಅವನಿಗೆ ದೊಡ್ಡ ತೊಂದರೆಯಾಗಿತ್ತು.

ಆಗ ವಕೀಲರು ನನ್ನ ಕಡೆ ತಿರುಗಿದರು. ತಾಟು ಹಿಡಿದಿದ್ದ ನನ್ನ ಎಡಗೈ ಅವರ ಕಣ್ಣಿಗೆ ಬಿತ್ತು.

“ಬಾಳ, ಹೇ ಕಾಯ? ಕೂಸ, ಇದೇನ ಕಲೆ?”

“ಹಂಚ ಬಡದೈತ್ರಿ.”

“ಹಂಚ ತಾನ ಬಂದು ಬಡೀತೇನು? ಯಾರ ಇದ್ರು ಆವಾಗ?”

“ಆಯಿ ಇದ್ಲ್ರಿ.”

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮಾಮಾನನ್ನು, ಅವ್ವನನ್ನು ಒಳಗಿನ ಕೋಣೆಗೆ ಕಳಿಸಿ, ನನ್ನನ್ನು ಎದುರು ಕೂರಿಸಿಕೊಂಡರು. ಗೂಟದಲ್ಲಿದ್ದ ಕರಿ ಕೋಟು ಹಾಕಿಕೊಂಡು, ಈಗ ನಾನು ಸಾಹೇಬ, ನೀನು ಉತ್ತರ ಹೇಳಬೇಕು ಎಂದರು. ನನಗೆ ಅದು ಆಟದ ಹಾಗೆ ಕಂಡಿತು.

“ಯಾರ ಕೂಡ ಇರ್ತಿ?”

“ಅವ್ವನ ಕೂಡ್ರಿ.”

“ಯಾಕ?”

ನನಗೆ ಗೊತ್ತಿರಲಿಲ್ಲ. ಅವರೇ ಹೇಳಿಕೊಟ್ಟರು. ಆಯಿ ಸೌಟು ಕಾಸಿ ಬರೆ ಹಾಕಿದಳು ಎನ್ನಬೇಕು, ಹೇಳುವಾಗ ತೋಳು ಮೇಲೆತ್ತಿ ತೋರಿಸಬೇಕು. ನಾನು ತಲೆ ಅಲ್ಲಾಡಿಸಿದೆ, ಹಾಕಿಲ್ಲ ಎಂದೆ. ಅವರು ಗದರಲಿಲ್ಲ. ಮುಂದೆ ಬಾಗಿ ಬಹಳ ಮೆತ್ತಗೆ ಹೇಳಿದರು:

“ನೋಡು ನೀಲವ್ವಾ. ಇದನ್ನ ಹೇಳಿದ್ರ ನೀನು ದಿನಾ ಅವ್ವನ ಮಗ್ಗಲಾಗ ಮಲಗ್ತಿ. ಹೇಳಲಿಲ್ಲಂದ್ರ ಸೂಟಿ ಮುಗಿದ ಮ್ಯಾಲ ಅವ್ವ ಮತ್ತ ಕಾಣೂದಿಲ್ಲ. ಆಯಿಗೇನ ಆಗೂದಿಲ್ಲ, ಯಾರೂ ಆಕೀನ್ನ ಹಿಡ್ಕೊಂಡ ಹೋಗೂದಿಲ್ಲ. ಯಾವುದ ಬೇಕು ನೀನ ಹೇಳು.”

ಒಂಬತ್ತು ವರ್ಷದ ಹುಡುಗಿಗೆ ಇದು ಎಂಥ ಪ್ರಶ್ನೆ! ನಾನು ಅವ್ವನನ್ನು ಆರಿಸಿಕೊಂಡೆ. ಮೂರು ಸಂತೆ ಕಳೆಯುವುದರೊಳಗೆ ಪಾಠ ಬಾಯಿಗೆ ಬಂತು. ಕೊನೆಯ ಸಲ ಅವರು ಒಂದು ಮಾತು ಹೆಚ್ಚಿಗೆ ಸೇರಿಸಿದರು. ಸಾಹೇಬರು ನಂಬದೆ, ಖರೇನೇನು ಎಂದು ಮತ್ತೆ ಕೇಳಿದರೆ, ಲಿಂಗದ ಆಣೆ ಎನ್ನು ಎಂದರು. ನಮ್ಮ ಜನ ಲಿಂಗವನ್ನು ಎಷ್ಟು ನಂಬುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟು ನಂಬುವುದರಿಂದಲೇ ಅದರ ಆಣೆ ಮಾಡುವುದಿಲ್ಲ ಎಂಬುದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಪಾರಿಶ್ವಾಡಕ್ಕೆ ತಿರುಗಿ ಹೋಗುವಾಗ ಬಸ್ಸಿನಲ್ಲಿ ಅವ್ವ ನನ್ನ ತೋಳು ಹಿಡಿದು ಕಲೆಯನ್ನು ಸವರಿದಳು.

“ಖರೇ ಹಾಕಿದ್ಲೇನ?”

ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತೆಂದು, ಅದಕ್ಕೇ ಕೇಳಲಿಲ್ಲವೆಂದು ನನಗೆ ಈ ವಯಸ್ಸಿನಲ್ಲಿ ಅನಿಸುತ್ತದೆ.

ವಿಚಾರಣೆಯ ದಿನ ಬೆಳಗಾವಿಯ ಕೋರ್ಟಿನ ಪಡಸಾಲೆಯಲ್ಲಿ ನಾವು ಒಂದು ಬೆಂಚಿನಲ್ಲಿ, ಅಪ್ಪ ಮತ್ತು ಆಯಿ ಎದುರಿನ ಬೆಂಚಿನಲ್ಲಿ. ಆಯಿಯ ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆಂದು ನನಗೆ ಗೊತ್ತಿತ್ತು. ಅವಳು ದೂರದಿಂದಲೇ ಬಾಯಿಯ ಹತ್ತಿರ ಕೈ ತಂದು, ಉಂಡೆಯಾ ಎಂದು ಸನ್ನೆ ಮಾಡಿದಳು. ಅವ್ವ ನನ್ನ ಕೈ ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಸಾಹೇಬರು ನನ್ನೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿದರು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಮೇಜಿನ ಮೇಲಿದ್ದ ಪೇಪರ್‌ವೇಟ್ ನನ್ನ ಕೈಗೆ ಆಡಲು ಕೊಟ್ಟು, ಏನು ಓದುತ್ತೀಯಮ್ಮ, ಯಾರು ತಲೆ ಬಾಚುತ್ತಾರೆ ಎಂದೆಲ್ಲ ಕೇಳಿದರು. ನಾನು ಯಾವುದಕ್ಕೂ ಸರಿಯಾಗಿ ಉತ್ತರ ಕೊಡದೆ, ಎಲ್ಲಿ ಪಾಠ ಮರೆತುಹೋಗುತ್ತದೋ ಎಂಬ ಹೆದರಿಕೆಗೆ, ಕೇಳುವ ಮೊದಲೇ ತೋಳು ಎತ್ತಿದೆ.

“ಆಯಿ ಸೌಟ ಕಾಸಿ ಬರಿ ಹಾಕ್ಯಾಳ್ರಿ.”

“ನಿಜವಾಗ್ಲೂ ಏನಮ್ಮ? ಯಾರಾದ್ರೂ ಹೇಳಿಕೊಟ್ರಾ?”

“ಇಲ್ರಿ. ಲಿಂಗದ ಆಣಿ ಐತ್ರಿ.”

ಅವರು ಪೇಪರ್‌ವೇಟ್ ಮರಳಿ ತೆಗೆದುಕೊಂಡು ಏನೋ ಬರೆದರು.

ಆಮೇಲೆ ದೊಡ್ಡ ಕೋಣೆಯಲ್ಲಿ ಆಯಿಯನ್ನು ಕಟಕಟೆಗೆ ಹತ್ತಿಸಿ, ದೇವರ ಹೆಸರಲ್ಲಿ ಖರೇ ಹೇಳುತ್ತೇನೆ ಎಂದು ಹೇಳಿಸಿದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದ ಅವ್ವನ ತೊಡೆಗೆ ಒರಗಿ ನಾನು ನಿಂತಿದ್ದೆ. ಬರೆಯ ಮಾತನ್ನು ವಸಂತರಾವ್ ವಕೀಲರು ಮೊದಲೇ ಕೋರ್ಟಿಗೆ ಬರೆದುಕೊಟ್ಟಿದ್ದರಿಂದ ಅಪ್ಪನ ವಕೀಲರು ಎಲ್ಲ ತಯಾರಿ ಮಾಡಿಕೊಂಡೇ ಬಂದಿದ್ದರು. ಹಂಚು ತಗುಲಿದ ದಿನ ಲೋಳೆಸರ ಹಚ್ಚಿದ ಗೌರಕ್ಕನನ್ನು ಸಾಕ್ಷಿಗೆಂದು ಹೊರಗೆ ಕೂರಿಸಿದ್ದರು. ಆಯಿ ಇದ್ದದ್ದು ಇದ್ದ ಹಾಗೆ ಹೇಳಿ, ಗೌರಕ್ಕ ಹೌದು ಎಂದರೆ ಸಾಕು, ನನ್ನ ಮಾತು ಸುಳ್ಳೆಂದು ಎಲ್ಲರ ಎದುರು ಗೊತ್ತಾಗುತ್ತಿತ್ತು, ನಾನು ಶಹಾಪುರದಲ್ಲೇ ಉಳಿಯುತ್ತಿದ್ದೆ. ಅವರು ಆಯಿಯನ್ನು ಕೇಳಿದರು:

“ನಿಮ್ಮ ಮೊಮ್ಮಗಳು ನೀವು ಬರಿ ಹಾಕೀರಿ ಅಂತ ಸಾಹೇಬ್ರ ಮುಂದ ಹೇಳ್ಯಾಳ. ಲಿಂಗದ ಆಣಿನೂ ಮಾಡ್ಯಾಳ. ಖರೇ ಏನ ಆತು ಹೇಳ್ರಿ.”

ಆಯಿ ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡಳು.

“ಆಣಿ ಮಾಡ್ಯಾಳೇನ್ರಿ?”

“ಹೌದು. ಆಕಿ ಹೇಳಿದ್ದು ಸುಳ್ಳ ಅಲ್ಲೇನು?”

ಆಯಿ ನನ್ನನ್ನು ಹುಡುಕಿದಳು. ಕೋಣೆಯ ಅಷ್ಟು ಮಂದಿಯ ನಡುವೆ ನನ್ನ ಮುಖ ಸಿಕ್ಕಿತು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಪೂಜೆಗೆ ಕೂತಾಗ ನನ್ನ ಕೈ ಅಲುಗುತ್ತಿದೆಯೇ ಎಂದು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು.

“ನನ್ನ ಮೊಮ್ಮಗಳು ಸುಳ್ಳ ಆಣಿ ಮಾಡಾಕಿ ಅಲ್ರೀ. ನಾನ ಹಾಕೀನ್ರಿ ಬರಿ.”

“ಯವ್ವಾ! ಏನ ಹೇಳಾಕತ್ತಿ!” ಎಂದು ಅಪ್ಪ ಎದ್ದು ಕೂಗಿದ. ಹೆಂಡತಿಯ ಮಾತಿಗೆ ಒಂದು ದಿನವೂ ಬಾಯಿ ತೆರೆಯದವನು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನ ವಕೀಲರು ಕಾಗದ ಕೆಳಗಿಟ್ಟು ಕೂತುಬಿಟ್ಟರು. ವಸಂತರಾವ್ ವಕೀಲರೂ ತಲೆ ಎತ್ತಲಿಲ್ಲ. ಅವರಿಗೆ ಪ್ರಶ್ನೆ ಕೇಳುವ ಕೆಲಸವೇ ಉಳಿಯಲಿಲ್ಲ. ಆಯಿ ಕಟಕಟೆ ಇಳಿದು ಬಂದವಳು ನಮ್ಮ ಬೆಂಚಿನ ಮೇಲೆ ರೊಟ್ಟಿಯ ಗಂಟು ಇಟ್ಟು, ಯಾರನ್ನೂ ನೋಡದೆ ಹೊರಗೆ ನಡೆದಳು. ಅದನ್ನು ಅಲ್ಲೇ ಬಿಡು ಎಂದ ಮಾಮಾ. ಬಿಟ್ಟು ಬಂದೆವು.

ಹುಕುಂ ನಮ್ಮ ಕಡೆ ಆಯಿತು. ಮಾಮಾ ಬೆಳಗಾವಿಯ ಸಿಹಿ ಕುಂದಾ ಕಟ್ಟಿಸಿಕೊಂಡು ಬಂದು ಪಾರಿಶ್ವಾಡದ ಮನೆಮನೆಗೂ ಹಂಚಿದ. ವಕೀಲರು ಗೆಲ್ಲಿಸಿಕೊಟ್ಟರು ಎಂದು ಊರೆಲ್ಲ ಕೊಂಡಾಡಿತು. ಗೆದ್ದದ್ದೇನು ಎಂಬುದು ಒಂದೂವರೆ ವರ್ಷದಲ್ಲಿ ತಿಳಿಯಿತು. ಬಿಡುಗಡೆಯೂ ಸಿಕ್ಕಿ, ಅವ್ವನಿಗೆ ಧಾರವಾಡದ ಕಡೆಯ ಒಬ್ಬರ ಜೊತೆ ಉಡಕಿ ಆಯಿತು, ನಮ್ಮಲ್ಲಿ ಎರಡನೆಯ ಮದುವೆಗೆ ಹಾಗೆನ್ನುತ್ತಾರೆ. ಅವಳಿಗೂ ಒಂದು ಬಾಳು ಬೇಕಿತ್ತು, ನಾನು ಅದಕ್ಕೆ ಬೈಯುವುದಿಲ್ಲ. ಆದರೆ ಆ ಮನುಷ್ಯನಿಗೆ ನಾನು ಬೇಕಾಗಿರಲಿಲ್ಲ. ಕೋರ್ಟು ಹತ್ತಿ ಮಗಳನ್ನು ಪಡೆದವಳು ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಹೋದಳು. ಹೋಗುವ ಮುಂಜಾನೆ ಹಸಿರು ಟ್ರಂಕು ಮತ್ತೆ ಗಾಡಿ ಹತ್ತಿತು, ನಾನು ಮತ್ತೆ ಬಾಗಿಲಲ್ಲಿ ನಿಂತಿದ್ದೆ. ದಿನಾ ಅವ್ವನ ಮಗ್ಗುಲಲ್ಲಿ ಮಲಗುತ್ತಿ ಎಂದ ವಕೀಲರನ್ನು ಮುಂದೆ ಖಾನಾಪುರದ ಹೈಸ್ಕೂಲಿಗೆ ಹೋಗುವಾಗ ದಾರಿಯಲ್ಲಿ ಎಷ್ಟೋ ಸಲ ಕಂಡೆ. ಹುಷಾರಿದ್ದೀಯಾ ಎಂದು ಕೇಳುತ್ತಿದ್ದರು. ಹೂಂ ರೀ ಎನ್ನುತ್ತಿದ್ದೆ. ಅಪ್ಪ ಎರಡು ಸಲ ನೋಡಲು ಬಂದ, ಆಮೇಲೆ ಬರಲಿಲ್ಲ. ಆಯಿ ಒಮ್ಮೆಯೂ ಬರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟು, ನನ್ನ ಮುಖ ನೋಡುವುದು ಬೇಡವಾಗಿದೆ ಎಂದು ನಾನು ತಿಳಿದುಕೊಂಡೆ. ಹೋಗಿ ಕಾಲು ಹಿಡಿಯುವ ಧೈರ್ಯವೂ ನನಗೆ ಇರಲಿಲ್ಲ.

ನನಗೆ ಹದಿನೆಂಟು ತುಂಬಿದ ವರ್ಷ ಆಯಿ ಹೋದಳೆಂದು ಸುದ್ದಿ ಬಂತು. ಖಾನಾಪುರದಿಂದ ಸಿಕ್ಕ ಮೊದಲ ಬಸ್ಸು ಹತ್ತಿದೆ. ಅಪ್ಪನ ಕುಣಿಮಗ್ಗ ಕಿತ್ತು ಅಲ್ಲಿ ಆಯಿಯನ್ನು ಕೂರಿಸಿದ್ದರು, ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಮಣ್ಣು ಮಾಡುವುದು. ಹಣೆಗೆ ವಿಭೂತಿ, ಕೊರಳಿಗೆ ಹೂವು. ನಾನು ಅಡುಗೆಮನೆಗೆ ಹೋಗಿ ರಾಟಿಯ ಹತ್ತಿರ ಕೂತೆ. ಗೌರಕ್ಕ ಬಂದು ಪಕ್ಕದಲ್ಲಿ ಕೂತಳು. ಈಗ ಅವಳಿಗೂ ವಯಸ್ಸಾಗಿತ್ತು.

“ಕೋರ್ಟಿನಿಂದ ಬಂದ ದಿನದಿಂದ ನಿಮ್ಮ ಆಯಿ ಲಿಂಗಾ ಅಂಗೈ ಮ್ಯಾಲ ಇಟ್ಕೊಳ್ಳಲಿಲ್ಲ. ಕೊರಳಾಗಿಂದ ತಗೀಲಾರದ ಹಂಗ ಮುಟ್ಟಿ ನಮಸ್ಕಾರ ಮಾಡಾಕಿ. ಯಾಕವ್ವಾ ಅಂದ್ರ, ದೇವರ ಹೆಸರಲೆ ಸುಳ್ಳ ಹೇಳಿ ಬಂದೀನಿ, ಈ ಕೈಯಾಗ ಹೆಂಗ ಹಿಡೀಲಿ ಅಂತಿದ್ಲು. ನಿನ್ನ ನೋಡಾಕ ಹೋಗೂಣು ನಡಿ ಅಂದ್ರ, ಆಕಿ ನನ್ನ ನೋಡಿದ್ರ ಖರೇ ಹೇಳಿಬಿಡ್ತಾಳ, ಬ್ಯಾಡ ಅಂದ್ಲು.”

ಒಂಬತ್ತು ವರ್ಷ! ಬೇರೆ ಯಾವ ಸುಖವೂ ಇಲ್ಲದ ಆ ಮುದುಕಿಗೆ ದಿನಕ್ಕೆ ಒಂದು ಗಳಿಗೆ ಇದ್ದದ್ದು ಆ ಪೂಜೆ. ಅದನ್ನೂ ನಾನು ತಿಂದುಹಾಕಿದ್ದೆ.

ಹೊರಗೆ ಮಠದ ಅಯ್ಯನವರು ಕರೆದರು. ಮಣ್ಣಿಗೆ ಒಯ್ಯುವ ಮೊದಲು ಅವರು ಆಯಿಯ ಎಡಗೈಯನ್ನು ಬಿಡಿಸಿ, ಕೊರಳಿನ ಲಿಂಗವನ್ನು ತೆಗೆದು ಅಂಗೈ ಮೇಲೆ ಇಟ್ಟು, ಬೆರಳು ಮಡಚಿ ದಾರ ಸುತ್ತಿದರು. ಬೇಡ ಎನ್ನಲು ಅವಳಿಗೆ ಈಗ ಬಾಯಿ ಇರಲಿಲ್ಲ. ನನ್ನ ಹಿಂದೆ ನಿಂತಿದ್ದ ಯಾರೋ ಹೆಂಗಸು ಇನ್ನೊಬ್ಬಳಿಗೆ ಪಿಸುಗುಟ್ಟಿದಳು:

“ಮೊಮ್ಮಗಳಿಗೆ ಬರಿ ಹಾಕಿದ್ಲಲ್ಲಾ, ಆಕೀನ ಈಕಿ.”

ನಾನು ಸರ್ರನೆ ತಿರುಗಿದೆ. ಗೌರಕ್ಕ ನನ್ನ ಮುಂಗೈ ಹಿಡಿದು ಹಿಂದಕ್ಕೆ ಎಳೆದಳು, ಕಿವಿಯಲ್ಲಿ ಹೇಳಿದಳು:

“ಬಾಯಿ ಬಿಡಬ್ಯಾಡ. ನಿನ್ನ ಆಣಿ ಸುಳ್ಳಾಗಬಾರದಂತ ಆಕಿ ಇಷ್ಟ ವರ್ಷ ಅನಿಸ್ಕೊಂಡಾಳ. ಇವತ್ತ ಕೆಡಸಬ್ಯಾಡ.”

ನಾನು ಬಾಯಿ ಬಿಡಲಿಲ್ಲ. ಆಯಿಗಾಗಿ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ, ಹೆದರಿ ಸುಮ್ಮನಿದ್ದೆ. ಈ ಸಂಗತಿ ಬಲ್ಲವರಲ್ಲಿ ಈಗ ಯಾರೂ ಉಳಿದಿಲ್ಲ. ಅಪ್ಪ ಹೋದ, ಅವ್ವ ಹೋದಳು, ವಕೀಲರು ಹೋದರು, ಗೌರಕ್ಕನೂ ಹೋದಳು. ನನ್ನ ಆಣೆ ಸುಳ್ಳಾಗಲಿ, ಅದು ಸುಳ್ಳೇ. ಆಯಿ ನನಗೆ ಬರೆ ಹಾಕಲಿಲ್ಲ. ರೊಟ್ಟಿ ತಿರುವಿಹಾಕುವಾಗ ಹಂಚು ತಗುಲಿತು. ಸಾಹೇಬರು ಕೇಳಿದಾಗ ನಾನು ಹೇಳಬೇಕಾಗಿದ್ದದ್ದು ಇಷ್ಟೇ.